ಭಾಲ್ಕಿಗೆ ಹೋದ ಪ್ರತಿ

"ನಿಮ್ಮ ವೆಬ್‌ಸೈಟು ನನ್ನ ಲಗ್ನ ಮುರೀತ್ರಿ ಮೇಡಂ! ಈಗ ಏನ್ ಹೇಳ್ತೀರಿ, ಹೇಳ್ರಿ!"

ಬಾಗಿಲಲ್ಲೇ ನಿಂತು ಹೀಗೆ ಒದರಿದವನ ಕಡೆ ಸುಮೇಧಾ ತಲೆ ಎತ್ತಿ ನೋಡಿದಳು.

ಬೆವರಿಗೆ ಹಣೆಗೆ ಅಂಟಿದ ಕೂದಲು. ಎದೆಯ ಜೇಬಿನಲ್ಲಿ ಕಾರ್ಖಾನೆಯ ಗುರುತಿನ ಕಾರ್ಡು. ಕೈಯಲ್ಲಿ ಮಡಚಿ ಮಡಚಿ ಹಣ್ಣಾದ ಒಂದು ಪ್ರಿಂಟು. ಕಣ್ಣು ಮಾತ್ರ... ಅಯ್ಯೋ, ಜಗಳಕ್ಕೆ ಬಂದವನ ಕಣ್ಣು ಇಷ್ಟು ಚೆಂದ ಇರಬಾರದು!

ಬಸವಕಲ್ಯಾಣದ ಕೋಟೆ ರಸ್ತೆಯ ಆ ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ಟೈಪಿಂಗ್ ಕಲಿಯಲು ಬಂದಿದ್ದ ಹುಡುಗಿಯರ ಬೆರಳು ಒಮ್ಮೆಲೇ ನಿಂತವು. ಸಿನಿಮಾಕ್ಕಿಂತ ಚೆಂದದ್ದೇನೋ ಫುಕಟ್ ಸಿಗುವ ಹಾಗಿತ್ತು.

"ಲಗ್ನ ಮುರಿಯೋದು ಮಂದಿ ಕೆಲಸರಿ. ವೆಬ್‌ಸೈಟು ಅಂಥಾ ಕೆಲಸ ಮಾಡಂಗಿಲ್ಲ," ಅಂದಳು ಸುಮೇಧಾ. "ಕುಂದರ್ರಿ. ನೀರು ಕುಡೀರಿ. ಆಮ್ಯಾಲ ಒದರ್ರಿ."

ಅವನು ಕುಂತ. ನೀರೂ ಕುಡಿದ. ಆಮೇಲೆ ಒದರುವುದು ಮಾತ್ರ ಅವನಿಂದ ಆಗಲಿಲ್ಲ. ನೀರು ಕುಡಿದ ಮೇಲೆ ಒದರುವುದು ಬಹಳ ಕಷ್ಟ, ಬೇಕಾದರೆ ನೀವೇ ನೋಡಿ.

ಅವನ ಹೆಸರು ಸಮ್ಯಕ. ಊರು ಬೇಮಳಖೇಡ. ಹುಮನಾಬಾದಿನ ಕೆಮಿಕಲ್ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನೌಕರಿ. ಅಲ್ಲೇ ಹುಮನಾಬಾದಿನಲ್ಲಿ ತುಳಜಾಬಾಯಿಯವರ ವಧು-ವರ ಕೇಂದ್ರ. ಆ ಕೇಂದ್ರಕ್ಕೆ ವೆಬ್‌ಸೈಟ್ ಮಾಡಿಕೊಟ್ಟವಳು ನಮ್ಮ ಸುಮೇಧಾ. ಇಸವಿ ಎರಡು ಸಾವಿರದ ಆರು. ಮೋಡೆಮ್ಮಿಗೆ ಕೂಗಿ ಕೂಗಿ ಗಂಟಲು ಬೀಳುತ್ತಿದ್ದ ಕಾಲ. ಆ ಕಾಲದಲ್ಲಿ ಮನೆಯಲ್ಲೇ ಪುಸ್ತಕ ಇಟ್ಟುಕೊಂಡು ಕಲಿತು, ಇಡೀ ವೆಬ್‌ಸೈಟನ್ನೇ ಕಟ್ಟಿದವಳು ಅಂದರೆ ಸುಮ್ಮನೆ ಅಲ್ಲ! ಅವಳಿಗೂ ಅದರ ಮೇಲೆ ಒಂದು ತೂಕ ಜಾಸ್ತಿಯೇ ಅಭಿಮಾನ.

"ಓದ್ರಿ," ಎಂದು ಸಮ್ಯಕ ಪ್ರಿಂಟನ್ನು ಮುಂದೆ ತಳ್ಳಿದ. "ನಮ್ಮಪ್ಪ ತುಳಜಾಬಾಯಿಯವರಿಗೆ ಬರೆದದ್ದು. ಖಾಸಗಿ."

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅಚ್ಚ ಕಚೇರಿ ಕನ್ನಡ. ಸುಮೇಧಾ ಮೆಲ್ಲಗೆ ಓದಿದಳು.

"'ವಿಷಯಾಂಕಿತ ಭಾಲ್ಕಿಯ ಕನ್ಯೆಯು ಗುಣವಂತೆ ಇರುತ್ತಾಳೆ. ಆದರೆ ಕನ್ಯೆಯ ತಂದೆಯವರು ತಮ್ಮ ಕಿಡ್ನಿಯಿಂದ ತೆಗೆಸಿದ ಕಲ್ಲನ್ನು ಶೀಶೆಯಲ್ಲಿ ಇಟ್ಟಿದ್ದು, ನಾವು ಚುರುಮುರಿ ಸುಸಲಾ ತಿನ್ನುವ ವೇಳೆಗೆ ಸರಿಯಾಗಿ ಸದರಿ ಶೀಶೆಯನ್ನು ನಮ್ಮ ಕೈಗೆ ಕೊಟ್ಟಿರುತ್ತಾರೆ. ಸುಸಲಾದಲ್ಲಿ ಶೇಂಗಾ ಇರುವುದಿಲ್ಲ. ಇದು ಯಾವ ಖಾನ್‌ದಾನದ ಪದ್ಧತಿ ಎಂದು ತಿಳಿಸಬೇಕಾಗಿ ವಿನಂತಿ...'"

ಸುಮೇಧಾ ತುಟಿ ಕಚ್ಚಿಕೊಂಡಳು.

"ನಗಬ್ಯಾಡ್ರಿ!"

"ನಕ್ಕಿಲ್ಲರಿ."

"ನಿಮ್ಮ ಭುಜ ನಗಾಕತ್ತಾವ."

ಅವನ ದನಿ ಅಲ್ಲಿಗೆ ಇಳಿಯಿತು. "ನಿಮಗ ನಗಿ ಬರ್ತದ, ಬರ್ಲಿ. ಖರೆ ಇದರ ಪ್ರತಿ ಅವತ್ತೇ ಭಾಲ್ಕಿಗೆ ಹೋಗ್ಯಾದ್ರಿ. ಹುಡುಗಿ ಅಪ್ಪನ ಇಮೇಲಿಗೇ! ಬೇಕಂತ ಮರ್ಯಾದಿ ತೆಗ್ಯಾಕ ಕಳಿಸ್ಯಾರ ಅಂತ ಅವರು ಊರೆಲ್ಲಾ ಹೇಳ್ಯಾರ. ನಮ್ಮಪ್ಪ ದಿನಾ ಅಗಸಿ ಕಟ್ಟಿಗೆ ಹೋಗಿ ಕುಂದರ್ತಿದ್ದಾಂವ, ಈಗ ಮನಿ ಹೊಸ್ತಿಲ ದಾಟಂಗಿಲ್ಲ. ತುಳಜಾಬಾಯಿ, ನಾ ಕಳಿಸಿಲ್ಲ ಅಂತಾರ. ಅಪ್ಪ, ನಾ ಕಳಿಸಿಲ್ಲ ಅಂತಾನ. ಇನ್ನ ಉಳಿದವರು ಯಾರು? ಪಾಸ್‌ವರ್ಡ್ ಇರೋದು ನಿಮ್ಮ ಹತ್ರ..."

ಸುಮೇಧಾಳ ನಗೆ ಚಿಟುಕೆಯಲ್ಲಿ ಆರಿತು.

'ನಾನಾ? ಮಂದಿ ಕಾಗದ ಕದ್ದು ಓದಿ, ಊರಿಗೆ ಹಂಚೋಳಾ ನಾನು?'

"ನನ್ನ ಸೈಟಿನಾಗ ತಪ್ಪಿಲ್ಲ," ಅಂದಳು ಬಿಗಿಯಾಗಿ. "ನಾಳೆ ಬರ್ರಿ. ನಿಮ್ಮ ಕಣ್ಣ ಮುಂದೇ ನಡೆಸಿ ತೋರಸ್ತೀನಿ."

ಅವನು ಹೋದ ಬೆನ್ನಿಗೇ ಫೋನು ಬಡಿದುಕೊಂಡಿತು. ತುಳಜಾಬಾಯಿ!

"ಎವ್ವಾ ಸುಮೇಧಾ, ಐತವಾರ ಭಾಲ್ಕಿಯವರನ್ನ, ಬೇಮಳಖೇಡದವರನ್ನ ಎದುರಾಬದುರಾ ಕೂಡಿಸಾಕತ್ತೀನಿ. ಆ ಪ್ರತಿ ಹ್ಯಾಂಗ ಹೋಯ್ತು ಅಂತ ಅಷ್ಟರೊಳಗ ಪತ್ತೆ ಹಚ್ಚು. ಸಮ್ಯಕನ ಅಪ್ಪ ಉತ್ತಮರಾವ್ ಕಳಿಸಿಲ್ಲ ಅಂತ ಸಾಬೀತ್ ಆದ್ರ ಲಗ್ನದ ಮಾತು ಮತ್ತ ಶುರು ಮಾಡ್ತೀನಿ. ಆಗಲಿಲ್ಲ ಅಂದ್ರ ನಿನ್ನ ವೆಬ್‌ಸೈಟ್ ಬಂದ್! ಯಾಕ ಬಂದ್ ಮಾಡ್ದೆ ಅಂತ ಕೇಳಿದವರಿಗೆಲ್ಲಾ ಹೇಳಾಕಿ ನಾ!"

ಹುಮನಾಬಾದಿನ ದವಸದ ಪೇಟೆ ಗಂಜಿನಲ್ಲಿ ತುಳಜಾಬಾಯಿಯವರು ಹೇಳಿದ್ದನ್ನು ಕೇಳದ ಅಂಗಡಿ ಇರಲಿಲ್ಲ. ಅವರು ಬಾಯಿ ಬಿಟ್ಟರೆ ಸುಮೇಧಾಳ ಅಂಗಡಿಗೆ ಮತ್ತೆ ಯಾರು ಬಂದಾರು?

ಮರುದಿನ ಪಾಳಿ ಮುಗಿಸಿ ಸಮ್ಯಕ ಬಂದ. ವೆಬ್‌ಸೈಟಿನಲ್ಲಿ ತುಳಜಾಬಾಯಿಗೆ ಕಾಗದ ಬರೆಯುವ ಫಾರ್ಮಿನಲ್ಲಿ ತನ್ನ ಹೆಸರು ಹಾಕಿದ, ಕೆಳಗೆ ಎರಡು ಮಾತು ಬರೆದ, ಕಳಿಸಿದ. ಕಾಗದ ತುಳಜಾಬಾಯಿಗೆ ಹೋಯಿತು. ಬೇರೆ ಯಾರಿಗೂ ಇಲ್ಲ.

"ನೋಡಿದ್ರಿಲ್ಲ!" ಎಂದಳು ಸುಮೇಧಾ ಗೆದ್ದವಳ ಹಾಗೆ.

"ಮತ್ತ ಅವತ್ತು ಹ್ಯಾಂಗ ಹೋಯ್ತು?"

"ನಾಳೆ ಮತ್ತ ಬರ್ರಿ, ಇನ್ನೊಂದು ಸಲ ನೋಡೋಣು," ಅಂದಳು ಸುಮೇಧಾ.

ಹಾಗಾಗಿ ಅದರ ಮರುದಿನವೂ ಬಂದ. ಅದರ ಮರುದಿನವೂ. ಒಂದು ದಿನ ಬೇರೆ ಕಂಪ್ಯೂಟರಿನಿಂದ, ಒಂದು ದಿನ ಉದ್ದ ಕಾಗದ ಬರೆದು, ಒಂದು ದಿನ ಅಪ್ಪನ ಹೆಸರಿನಲ್ಲೇ. ಏನು ಮಾಡಿದರೂ ಪ್ರತಿ ಮಾತ್ರ ಎಲ್ಲಿಗೂ ಹೋಗಲೊಲ್ಲದು!

ಹೋಗಿದ್ದು ಬೇರೆ ಏನೋ. ಸಂಜೆ ಐದಾಗುತ್ತಲೇ ಸುಮೇಧಾಳ ಕಣ್ಣು ತಾನಾಗಿ ರಸ್ತೆಗೆ ಹೋಗತೊಡಗಿತ್ತು.

'ಟೆಸ್ಟಿಂಗಿಗೆ ಬರ್ತಾನ, ಅಷ್ಟೇ. ಅವನಿಗೆ ಆ ಭಾಲ್ಕಿ ಹುಡುಗಿ ಮ್ಯಾಲ ಮನಸ್ಸದ. ಇಲ್ಲಾಂದ್ರ ಹುಮನಾಬಾದಿನಿಂದ ದಿನಾ ಬಸ್ಸಿನಾಗ ಬರ್ತಿದ್ನಾ?'

ಸುಮೇಧಾಳ ತಾಯಿ ಕಾಂತಾಬಾಯಿ ಮಗಳಿಗೆ ಬುತ್ತಿ ತರುತ್ತಿದ್ದರು. ಈಗ ಬುತ್ತಿಯ ಗಂಟು ದಪ್ಪಗಾಗಿತ್ತು.

"ಎವ್ವಾ, ಇಷ್ಟು ರೊಟ್ಟಿ ಯಾರಿಗಿ?"

"ಟೆಸ್ಟಿಂಗಿಗೆ," ಅಂದರು ಕಾಂತಾಬಾಯಿ ನೆಟ್ಟಗೆ ಮುಖ ಇಟ್ಟುಕೊಂಡು.

ರೊಟ್ಟಿ ಮುರಿಯುತ್ತಾ ಸಮ್ಯಕ ಕೇಳಿದ. "ಕಾಗದ ಕಳಿಸೋ ಆ ಕೋಡ್ ಪೂರಾ ನೀವೇ ಬರ್ದೀರೇನ್ರಿ?"

"ಇಲ್ಲರಿ. ಫಾರ್ಮು ನಂದು. ಕಳಿಸೋ ಭಾಗ ಪರದೇಶದಾಂವ ಯಾರೋ ಬರೆದು ನೆಟ್ಟಿನಾಗ ಇಟ್ಟಾನ. ಲೈಬ್ರರಿ ಅಂತಾರ. ತಂದು ಜೋಡಿಸೋದು, ಅಷ್ಟೇ. ನೂರಾರು ಸೈಟಿನವರು ಅದನ್ನೇ ಹಚ್ಚಿಕೊಂಡಾರ."

"ಅಂದ್ರ ಪ್ಯಾಕೆಟ್ ಮಸಾಲಿ. ಸಾರು ನಿಮ್ಮದು, ಮಸಾಲಿ ಅವನದು."

"ಹಾಂ, ಹಂಗೇ."

"ಮಸಾಲ್ಯಾಗ ಹಳ್ಳು-ಕಲ್ಲು ಇದ್ರ?"

"ಅಷ್ಟು ಮಂದಿ ತಿನ್ನಾಕತ್ತಾರ. ಇದ್ರ ಯಾರಾದ್ರೂ ಹೇಳ್ತಿದ್ರಿಲ್ಲ?"

ಸಮ್ಯಕ ನಕ್ಕ. "ಎಲ್ಲಾರೂ ಹಿಂಗೇ ಅಂದುಕೊಂಡು ತಿನ್ನಾಕತ್ತಿದ್ರ, ಹೇಳೋರು ಯಾರ್ರೀ?"

ಸುಮೇಧಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಸಣ್ಣ ಮಾತು. ಆದರೆ ಎದೆಯಲ್ಲಿ ಎಲ್ಲೋ ಚುಚ್ಚಿತು... ಆ ಲೈಬ್ರರಿಯ ಒಳಗೆ ಏನಿದೆ ಎಂದು ಅವಳು ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ.

"ನಾಳೆ ನಿಮ್ಮಪ್ಪಗ ಕರ್ಕೊಂಡು ಬರ್ರಿ," ಅಂದಳು. "ನೀವು ಬರೆದ್ರ ಏನೂ ಆಗವಲ್ದು. ಅವರು ಹ್ಯಾಂಗ ಬರೀತಾರ ಅಂತ ನಾ ನೋಡಬೇಕು."

ಶನಿವಾರ ಮಧ್ಯಾಹ್ನ ಉತ್ತಮ ಕಾಕಾ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿಗೆ ಎರಡು ಪೆನ್ನು. ನಿವೃತ್ತಿಯಾದರೂ ಹೆಡ್ ಕ್ಲರ್ಕ್‌ನ ಗತ್ತು ಅಂಗಿಯಲ್ಲಿ ಉಳಿದಿತ್ತು, ಮುಖದಲ್ಲಿ ಉಳಿದಿರಲಿಲ್ಲ.

"ಜೈ ಭೀಮ್, ತಾಯಿ. ನಾ ಕಳಿಸಿಲ್ಲವ್ವಾ. ಯಾರೂ ನಂಬವಲ್ರು."

ಸುಮೇಧಾ ಕುರ್ಚಿ ಎಳೆದು ಅವರನ್ನು ಕೂರಿಸಿದಳು. "ಜೈ ಭೀಮ್ ಕಾಕಾ. ನಾ ನಂಬ್ತೀನಿ. ಅವತ್ತು ಹ್ಯಾಂಗ ಬರೆದ್ರೋ ಹಂಗೇ ಮತ್ತೊಮ್ಮೆ ಬರೀರಿ. ನಡುವ ನಾ ಒಂದು ಮಾತೂ ಆಡಂಗಿಲ್ಲ."

ಕಾಕಾ ಕನ್ನಡಕ ಏರಿಸಿದರು. ಒಂದೇ ಬೆರಳು. ಆ ಬೆರಳು ಪ್ರತಿ ಅಕ್ಷರದ ಮೇಲೆ ಹದ್ದಿನ ಹಾಗೆ ಸುತ್ತಿ, ಗುರಿ ಇಟ್ಟು, ಎರಗುತ್ತಿತ್ತು. ಮೊದಲು ಕೆಳಗಿನ ಡಬ್ಬಿಯಲ್ಲಿ ಕಿಡ್ನಿ ಕಲ್ಲಿನ ಸಮಾಚಾರವೆಲ್ಲಾ ಬರೆದು ಮುಗಿಸಿದರು. ಆಮೇಲೆ ಮೇಲಿನ ಹೆಸರಿನ ಡಬ್ಬಿಗೆ ಬಂದರು. ಹೆಸರು ಹೊಡೆದರು. ಆಮೇಲೆ ಎಂಟರ್ ಒತ್ತಿದರು. ಹೊಸ ಸಾಲಿಗೆ ಬಂದರು!

"ಅಪ್ಪಾ, ಅದು ಬರೇ ಹೆಸರು ಬರೆಯೋ ಜಾಗ..." ಅಂದ ಸಮ್ಯಕ.

"ಊರಿಲ್ಲದ ಹೆಸರು ಯಾವನದೋ? ಅರ್ಜಿ ತಲಿ ಮ್ಯಾಲ ಎಲ್ಲಾ ಬರಬೇಕು. ನೌಕರಿ ಪೂರಾ ಹಂಗೇ ಬರ್ದೀನಿ."

ಸುಮೇಧಾ ಸಮ್ಯಕನ ತೋಳು ಹಿಡಿದು ಸುಮ್ಮನಿರಿಸಿದಳು. ಕಣ್ಣು ಪರದೆಯ ಮೇಲೇ ಇತ್ತು. ಇಲ್ಲಿಯ ಮಂದಿಯ ಹೆಸರು ಅಪ್ಪ, ಮನೆತನ ಎಲ್ಲಾ ಸೇರಿ ಉದ್ದ ಎಂದು ಆ ಡಬ್ಬಿಯನ್ನು ದೊಡ್ಡದು ಮಾಡಿದ್ದವಳು ಅವಳೇ.

ಊರಿಗೊಂದು ಸಾಲು, ತಾಲೂಕಿಗೊಂದು ಸಾಲು, ಜಿಲ್ಲೆಗೊಂದು ಸಾಲು. ಪ್ರತಿ ಸಾಲಿಗೂ ಕಚೇರಿ ಪದ್ಧತಿಯಂತೆ ಚುಕ್ಕೆಯ ಮೇಲೆ ಚುಕ್ಕೆ. ಕೊನೆಗೆ ಇನ್ನೊಂದು ಎಂಟರ್. "ಸಿಸಿ:" ಅಂದರೆ ಪ್ರತಿ; ಎರಡು ಅಕ್ಷರ, ಮುಂದೆ ಒಂದರ ಮೇಲೊಂದು ಎರಡು ಚುಕ್ಕೆ. ಮುಂದೆ ಬಯೋಡಾಟಾ ನೋಡಿ ಹೊಡೆದ ಭಾಲ್ಕಿಯವರ ಇಮೇಲು.

"ಕಾಕಾ! ಆ ಕೊನೇ ಸಾಲು ಯಾಕ?"

ಕಾಕಾ ದನಿ ತಗ್ಗಿಸಿದರು. "ಅದು ಹೆದರಿಸ್ಲಾಕವ್ವಾ. 'ಪ್ರತಿ: ಜಿಲ್ಲಾಧಿಕಾರಿಗಳಿಗೆ' ಅಂತ ಬರೆದ್ರ ಸಾಕು, ಇಂಜಿನಿಯರ್ ಸಾಹೇಬನ ಮಾರಿ ಬೆಳ್ಳಗಾಗ್ತದ, ನಳಕ್ಕ ನೀರು ಬರ್ತದ. ಪ್ರತಿ ಕಳಸಂಗಿಲ್ಲ. ಬರೇ ಬರೆಯೋದು. ತುಳಜಾಬಾಯಿನೂ ಜರಾ ಹೆದರಲಿ, ಖರೆ ಖರೆ ಹೇಳಲಿ ಅಂತ ಬರ್ದೆ. ನಾ ಬರೆದ ಪ್ರತಿ ಇವತ್ತಿನ ತನಕ ಒಂದೂ ಹೋಗಿಲ್ಲ."

ಸುಮೇಧಾಳ ತಲೆಯೊಳಗೆ ಬೆಳಕು ಹತ್ತಿತು. ಹತ್ತುವಷ್ಟರಲ್ಲಿ ತಡವಾಗಿತ್ತು.

"ಅಯ್ಯೋ ಕಾಕಾ, ಕಳಿಸೋ ಗುಂಡಿ ಒತ್ತಬ್ಯಾ..."

ಹದ್ದು ಎರಗಿತ್ತು.

ಚಹಾ ತರಿಸಿ ಕುಡಿದು ಮುಗಿಸುವುದರೊಳಗೆ ಸಮ್ಯಕನ ಮೊಬೈಲು ಕುಣಿಯಿತು. ಕಿವಿಗೆ ಹಿಡಿಯುವ ಅಗತ್ಯವೇ ಇರಲಿಲ್ಲ, ಭಾಲ್ಕಿಯವರ ದನಿ ರಸ್ತೆಯ ತನಕ ಕೇಳಿತು. "ಮತ್ತೊಂದು ಕಳಿಸೀರೇನ್ರೀ! ಮತ್ತ ನನ್ನ ಕಲ್ಲಿನ ಸುದ್ದಿನೇ! ನಾಚಿಕಿ ಆಗಂಗಿಲ್ಲಾ?"

"ಸಿಕ್ತು!" ಎಂದು ಕಿರುಚಿದಳು ಸುಮೇಧಾ.

"ಸಿಕ್ತು!" ಎಂದು ಸಮ್ಯಕನೂ ಜಿಗಿದ. ಜಿಗಿದವನು ಅವಳ ಎರಡೂ ಕೈ ಹಿಡಿದುಬಿಟ್ಟಿದ್ದ. ಆ ಕಡೆ ಫೋನಿನಲ್ಲಿ ಭಾಲ್ಕಿಯವರು, "ಏನ್ ಸಿಕ್ತ್ರಿ? ಏನ್ ಸಿಕ್ತು?" ಎಂದು ಕೇಳುತ್ತಲೇ ಇದ್ದರು.

ಇಬ್ಬರಿಗೂ ಒಮ್ಮೆಲೇ ಎಚ್ಚರವಾಯಿತು. ಕೈ ಬಿಟ್ಟರು. ಉತ್ತಮ ಕಾಕಾ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು.

ಅಪ್ಪ ಮಗ ಹೋದ ಮೇಲೆ ಸುಮೇಧಾ ಆ ಲೈಬ್ರರಿಯ ಕೋಡನ್ನು ಮೊದಲ ಸಲ ಪೂರಾ ಬಿಚ್ಚಿ ಓದಿದಳು. ಹೌದು... ಹೊಸ ಸಾಲು ಬಂದರೆ ತಡೆಯಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಬಾಗಿಲಿದೆ, ಚಿಲಕ ಇಲ್ಲ! ಅವಳೇ ಚಿಲಕ ಹಾಕಿದಳು. ಬರೆದ ಪರದೇಶದವನಿಗೂ ತನಗೆ ಬಂದ ಇಂಗ್ಲಿಷಿನಲ್ಲಿ ತಿಳಿಸಿದಳು.

ಕೆಲಸ ಮುಗಿಯಿತು. ಕುಣಿಯಬೇಕಿತ್ತು. ಕಣ್ಣಲ್ಲಿ ಯಾಕೆ ನೀರು?

'ತಪ್ಪು ಸಿಕ್ತು. ಅಂದ್ರ ಕಾಕಾನ ಮರ್ಯಾದಿ ಉಳೀತು. ಅಂದ್ರ ಲಗ್ನದ ಮಾತು ಮತ್ತ ಶುರು... ಅಂದ್ರ ಸೋಮವಾರದಿಂದ ಅವ ಬರಂಗಿಲ್ಲ.'

ಹೇಳದೆ ಇದ್ದರೆ? ಸುಮ್ಮನೆ ಸರಿ ಮಾಡಿ, ತುಳಜಾಬಾಯಿಯವರಿಗೆ 'ಗೊತ್ತಾಗಲಿಲ್ಲ ಕಾಕು' ಅಂದರೆ? ಮಾತು ಮುರಿದೇ ಇರುತ್ತದೆ. ಅವನು ಇಲ್ಲೇ...

ಥೂ! ಹೊಸ್ತಿಲು ದಾಟದೆ ಕುಂತ ಮುದುಕನ ಮುಖ ನೆನಪಾಗಿ ಸುಮೇಧಾಗೆ ತನ್ನ ಮೇಲೇ ಸಿಟ್ಟು ಬಂತು.

ಐತವಾರ. ಹುಮನಾಬಾದಿನ ಗಂಜಿನ ಹತ್ತಿರ, ತುಳಜಾಬಾಯಿಯವರ ಮಾಳಿಗೆ ಕೋಣೆ. ಒಂದು ಕಡೆ ಉತ್ತಮ ಕಾಕಾ, ಸಮ್ಯಕ. ಎದುರಿಗೆ ಹುಡುಗಿಯ ಅಪ್ಪ, ಭಾಲ್ಕಿಯ ಮಾಮಾ. ಮಾಮಾನ ಅಂಗಿಯ ಜೇಬು ಉಬ್ಬಿತ್ತು. ಶೀಶೆ ಜೊತೆಗೇ ಬಂದಿತ್ತು!

ಸುಮೇಧಾ ಎದ್ದು ನಿಂತಳು.

"ಕಾಗದಕ್ಕ ಒಂದು ಲಿಫಾಫಿ ಇರ್ತದಲ್ರೀ? ಒಳಗ ಸಮಾಚಾರ, ಹೊರಗ ವಿಳಾಸ. ಇಮೇಲಿಗೂ ಹಂಗೇ. ಹೊರಗಿನ ಭಾಗಕ್ಕ ಹೆಡರ್ ಅಂತಾರ. ನನ್ನ ಫಾರ್ಮಿನಾಗ ಬರೆದ ಹೆಸರು ಲಿಫಾಫಿ ಮ್ಯಾಲ ಹೋಗ್ತದ. ಕಾಕಾ ಹೆಸರಿನ ಕೆಳಗ ಸಾಲು ಸಾಲಾಗಿ ಬರೆದ್ರು. ಅದೂ ಲಿಫಾಫಿ ಮ್ಯಾಲ ಹೋಯ್ತು. ಅಂಚೆಯವನಿಗೆ ಕಾಕಾ ಹೆದರಿಸ್ಲಾಕ ಬರ್ದಾರೋ ಕಳಿಸ್ಲಾಕ ಬರ್ದಾರೋ ಏನ್ ಗೊತ್ರಿ? ಲಿಫಾಫಿ ಮ್ಯಾಲ ಬರೆದದ್ದೆಲ್ಲಾ ಅವನಿಗೆ ಹುಕುಂ. ಇವರಿಗೂ ಪ್ರತಿ ಅಂತ ಅದ, ಒಯ್ದು ಕೊಟ್ಟ. ಇದಕ್ಕ ಹೆಡರ್ ಇಂಜೆಕ್ಷನ್ ಅಂತಾರ."

"ಇಂಜೆಕ್ಷನ್!" ಭಾಲ್ಕಿ ಮಾಮಾ ನೆಟ್ಟಗೆ ಕುಂತರು. "ನನಗ ಸೊಲ್ಲಾಪುರದಾಗ ಕಲ್ಲು ತೆಗಿಯೋ ಮುಂಚೆ..."

"ಅದು ಆಮ್ಯಾಲ ಅಣ್ಣಾರ," ಎಂದು ತುಳಜಾಬಾಯಿ ತಡೆದರು. "ಅಂದ್ರ ಸುಮೇಧಾ, ಬೇಕಾದಾಂವ ಬೇಕಾದಾಂಗ ನನ್ನ ಹೆಸರಿಲೆ ಊರ ಮಂದಿಗೆಲ್ಲಾ ಕಾಗದ ಬಿಡಬಹುದಿತ್ತಾ?"

"ಹೌದು ಕಾಕು. ಕಾಕಾ ಗೊತ್ತಿಲ್ದೇ ಮಾಡಿದ್ದನ್ನ ಕಳ್ಳರು ಗೊತ್ತಿದ್ದೇ ಮಾಡ್ತಾರ. ತಡಿಬೇಕಾದದ್ದು ಬ್ಯಾರೆಯವರು ಬರೆದ ಲೈಬ್ರರಿ. ತಡೀಲಿಲ್ಲ. ಖರೆ ಅದನ್ನ ತಂದು ನಿಮ್ಮ ಮನಿಗೆ ಜೋಡಿಸಿದಾಕಿ ನಾನು. ಒಳಗ ಏನದ ಅಂತ ನೋಡಲಿಲ್ಲ. ತಪ್ಪು ನಂದು. ಕಾಕಾನದಲ್ಲ. ಈಗ ಸರಿ ಮಾಡೀನಿ. ಸೈಟ್ ಇಡೋದು, ಬಿಡೋದು ನಿಮಗ ಬಿಟ್ಟದ್ದು."

ಕೆಳಗೆ ಹಮಾಲರು ತೊಗರಿ ಚೀಲ ಇಳಿಸುತ್ತಿದ್ದ ಸದ್ದು ಮೇಲಕ್ಕೆ ಬಂತು.

ಭಾಲ್ಕಿ ಮಾಮಾ ಗಂಟಲು ಸರಿ ಮಾಡಿಕೊಂಡರು. "ಸರಿ. ಕಳಿಸಿದ್ದು ಮಿಶೀನು. ಖರೆ ಬರೆದದ್ದು ಯಾರು?"

ಉತ್ತಮ ಕಾಕಾ ಕೈ ಮುಗಿದರು. "ಬರೆದದ್ದು ನಾನೇರಿ. ಅದಕ್ಕ ಮಾಫಿ ಇರ್ಲಿ. ಖರೆ ಒಂದು ಹೇಳ್ರಿ, ತಿನ್ನೋ ಹೊತ್ತಿನಾಗ ಅದನ್ನ ಕೈಯಾಗ ಕೊಡಬೌದೇನ್ರಿ?"

ಮಾಮಾ ಒಂದು ಗಳಿಗೆ ಕಾಕಾನನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಣಿಸಿ ನಗತೊಡಗಿದರು. "ನಮ್ಮ ಮನಿಯಾಕೀನೂ ಇದನ್ನೇ ಹೇಳ್ತಾಳ್ರೀ!"

ಎಲ್ಲರೂ ನಕ್ಕರು. ತುಳಜಾಬಾಯಿ ಚಪ್ಪಾಳೆ ತಟ್ಟಿದರು. "ಸೈಟ್ ಇರ್ಲಿ ಸುಮೇಧಾ. ತಪ್ಪು ನಂದು ಅನ್ನೋರು ನನಗ ಇಡೀ ಗಂಜಿನಾಗ ಸಿಕ್ಕಿಲ್ಲ. ಹಾಂ, ಈಗ ಲಗ್ನದ ಮಾತು..."

ಮುಂದಿನದು ಕೇಳುವ ಧೈರ್ಯ ಸುಮೇಧಾಗೆ ಇರಲಿಲ್ಲ. ಅಂಗಡಿ ಉಳಿಯಿತು, ಹೆಸರು ಉಳಿಯಿತು... ಇಷ್ಟು ಸಾಕು. ಚಪ್ಪಲಿ ಮೆಟ್ಟಿ ಸದ್ದಿಲ್ಲದೆ ಮೆಟ್ಟಿಲು ಇಳಿದಳು. ಸಮ್ಯಕ ತನ್ನ ಕಡೆ ನೋಡುತ್ತಿದ್ದಾನೆ ಎಂದು ಬೆನ್ನಿಗೆ ಗೊತ್ತಾಯಿತು. ತಿರುಗಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕಲ್ಯಾಣದ ಬಸ್ಸು ನಿಂತಿತ್ತು. ಮೂರು ಜನ ಕೂರುವ ಸೀಟಿನಲ್ಲಿ ಕಿಟಕಿಯ ಹತ್ತಿರ ಕುಂತಳು. ಕಣ್ಣು ಒರೆಸಿಕೊಂಡಳು. ಮತ್ತೆ ತುಂಬಿದವು. ಬಿಟ್ಟುಬಿಟ್ಟಳು.

"ಜಾಗ ಅದ ಏನ್ರಿ?"

ಸಮ್ಯಕ! ಏದುಸಿರು ಬಿಡುತ್ತಾ ನಿಂತಿದ್ದ.

"ನೀ... ನೀವಿಲ್ಲಿ? ಅಲ್ಲಿ ಮಾತುಕತಿ..."

"ಮುಗೀತು." ಅವನು ಪಕ್ಕದಲ್ಲಿ ಕುಂತ. "ನನಗ ಒಪ್ಪಿಗಿಲ್ಲ ಅಂತ ಎಲ್ಲಾರ ಮುಂದ ಹೇಳಿ ಬಂದೀನಿ."

"ಯಾಕ್ರೀ? ಲಗ್ನ ಮುರೀತಂತ ನನ್ನ ಅಂಗಡಿ ಎತ್ತಿ ಒಗೆಯೋಹಂಗ ಬಂದಿದ್ರಲ್ಲ!"

"ಲಗ್ನಕ್ಕಲ್ಲರಿ. ನಮ್ಮಪ್ಪಗ ಸುಳ್ಳುಗಾರ ಅಂದ್ರಲ್ಲ, ಅದಕ್ಕ ಬಂದಿದ್ದೆ. ಭಾಲ್ಕಿ ಹುಡುಗಿನೂ ಓದು ಮುಗಿಯೋತನಕ ಬ್ಯಾಡ ಅಂತ ಮೊದಲೇ ಹೇಳಿದ್ಲಂತ. ಕೇಳೋರ್ಯಾರು? ಇವತ್ತು ಮಾಮಾ ನನ್ನ ಬೆನ್ನು ತಟ್ಟಿ, 'ಚೊಲೊ ಆಯ್ತು ಬಿಡು, ಮನ್ಯಾಗ ಜಗಳ ತಪ್ತು' ಅಂದ್ರು."

ಸುಮೇಧಾಳ ಎದೆ ಬಡಿತ ಬಸ್ಸಿನ ಎಂಜಿನ್ನಿಗಿಂತ ಜೋರಾಯಿತು. "ಮತ್ತ... ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ? ತಪ್ಪು ನಂದೇ ಇತ್ತು..."

"ನಮ್ಮ ಕಾರ್ಖಾನ್ಯಾಗ ಒಂದು ಡ್ರಮ್ ಸೋರಿದ್ರ, ಎಲ್ಲಾ ಡಿಪಾರ್ಟ್‌ಮೆಂಟಿನವರೂ ನಂದಲ್ಲ ನಂದಲ್ಲ ಅಂತಾರ. ನೀವು ಎದ್ದು ನಿಂತು, ತಪ್ಪು ನಂದು ಅಂದ್ರಿ. ಹೇಳದೇ ಇದ್ದಿದ್ರೂ ನಡೀತಿತ್ತು." ಅವನ ದನಿ ತೀರಾ ಮೆತ್ತಗಾಯಿತು. "ಆವಾಗ ನನಗ ಅನಸ್ತು... ಜೀವನ ಪೂರಾ ಇಂಥಾಕಿ ಜೋಡಿ ಜಗಳ ಆಡಬೇಕು ಅಂತ."

"ಜಗಳಾನಾ?"

"ನೀರು ಕುಡಿಸಿ ಆಡ್ತೀರಲ್ಲ, ಅಂಥಾದ್ದು."

ಸುಮೇಧಾ ನಕ್ಕಳು. ಅತ್ತಳು. ಎರಡೂ ಒಟ್ಟಿಗೇ ಬಂದವು, ಯಾವುದನ್ನು ಮೊದಲು ತಡೆಯಬೇಕೆಂದು ತಿಳಿಯಲಿಲ್ಲ.

"ಹೇಳದೇ ಇರೋಣ ಅಂತ ನನಗೂ ಒಂದು ಗಳಿಗಿ ಅನಿಸಿತ್ರಿ," ಅಂದಳು ಕಿಟಕಿಯ ಕಡೆ ಮುಖ ಮಾಡಿ. "ಹೇಳಿದ್ರ ನೀವು ಬರೋದು ನಿಲ್ತದಲ್ಲಾ ಅಂತ..."

ಸಮ್ಯಕನ ಕಿವಿ ಕೆಂಪಗಾದವು.

ಕಂಡಕ್ಟರ್ ಬಂದ. "ಎಲ್ಲಿಗ್ರಿ? ಒಂದಾ, ಎರಡಾ?"

ಸಮ್ಯಕ ಅವಳ ಮುಖ ನೋಡಿದ.

ಸುಮೇಧಾ ಕಣ್ಣೊರೆಸಿಕೊಂಡು, ತಾನೇ ಪರ್ಸು ತೆಗೆದಳು. "ಎರಡು ಕೊಡ್ರಿ. ಬಸವಕಲ್ಯಾಣ."

ಬಸ್ಸು ಅಲುಗಿ ಹೊರಡುವಷ್ಟರಲ್ಲಿ ಪೇರಲ ಹಣ್ಣು ಮಾರುವ ಕುಲ್ಸುಮ್ ಬೀ ಓಡಿ ಬಂದು ಹತ್ತಿದಳು. ಯಾರನ್ನೂ ಕೇಳದೆ ಆ ಸೀಟಿನ ತುದಿಯಲ್ಲಿ ಕುಂತು, ಭುಜದಿಂದ ಇಬ್ಬರನ್ನೂ ಕಿಟಕಿಯ ಕಡೆ ಒತ್ತಿ, ತನ್ನ ಬುಟ್ಟಿಯನ್ನು ಸಮ್ಯಕನ ತೊಡೆಯ ಮೇಲೆ ಇಟ್ಟು, ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದಳು.